ಪರಸ್ಥಳದ ತೊಟ್ಟಿಲು

ಪರಸ್ಥಳದಲ್ಲಿ ದುಡಿದು ಬದುಕುವವನಿಗೆ ತನ್ನ ಊರು ನೆನಪಾಗುವ ಸಂದರ್ಭಗಳು ಹಲವು. ಚೌತಿ ಬಂದರೆ ನೆನಪಾಗುತ್ತದೆ. ಮೊದಲ ಮಳೆ ಬಿದ್ದರೆ ನೆನಪಾಗುತ್ತದೆ. ಆದರೆ ನಡುರಾತ್ರಿಯಲ್ಲಿ ಹಸುಗೂಸಿನ ಮೈ ಸುಡತೊಡಗಿದಾಗ ಊರು ನೆನಪಾಗುವಂತೆ ಬೇರಾವಾಗಲೂ ನೆನಪಾಗದು. ಆಗ ಬೇಕೆನಿಸುವುದು ಊರಿನ ಗದ್ದೆಯಲ್ಲ, ಗುಡಿಯಲ್ಲ. ಒಳಮನೆಯಿಂದ ಎದ್ದುಬಂದು, ಮಗುವಿನ ಹಣೆ ಮುಟ್ಟಿ ನೋಡಿ, ಹೆದರಬೇಡವೆಂದು ಹೇಳುವ ಒಬ್ಬ ಹಿರಿಯ ಹೆಂಗಸು. ಅಬಿಡ್ಸಿನ ಹಿಂದಣ ಗಲ್ಲಿಗಳ ಬಾಡಿಗೆ ಕೋಣೆಗಳಲ್ಲಿ ಆ ಒಬ್ಬಳು ಇರುವುದಿಲ್ಲ. ದೂರವಾಣಿಯಲ್ಲಿ ಅವಳ ದನಿ ಬರುತ್ತದೆ; ಕೈ ಬರುವುದಿಲ್ಲ.

ಇದು ನಾನು ಅನುಭವಿಸಿ ಕಂಡ ಮಾತು. ಬಾಣಂತನ ಮುಗಿಸಿಕೊಂಡು ನನ್ನ ಹೆಂಡತಿ ಕುಂದಾಪುರದ ಕಡೆಯಿಂದ ಮೂರು ತಿಂಗಳ ಮಗುವಿನೊಡನೆ ಈ ನಗರಕ್ಕೆ ಬಂದ ಹೊಸತು. ಮೂರೂವರೆ ತಿಂಗಳಿನ ಚುಚ್ಚುಮದ್ದು ಹಾಕಿಸಿದ ರಾತ್ರಿ ಮಗುವಿಗೆ ಜ್ವರ ಏರಿತು. ತೊಡೆ ಕೆಂಪಾಗಿ ಗಟ್ಟಿಯಾಗಿತ್ತು. ಅಳು ನಿಲ್ಲಲಿಲ್ಲ. ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡುತ್ತಾ ಕುಳಿತಿದ್ದೆವು. ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಕೋಣೆಯ ಬೀದರಿನ ಮುದುಕಿ. ಅಂದಿನವರೆಗೆ ಅವರಿಗೂ ನಮಗೂ ನಲ್ಲಿಯ ಬಳಿಯ ಎರಡು ಮಾತಿಗಿಂತ ಹೆಚ್ಚಿನ ಪರಿಚಯವಿರಲಿಲ್ಲ. ಅವರು ಮಗುವನ್ನೆತ್ತಿ ಮೈ ಮುಟ್ಟಿ ನೋಡಿದರು, ಮೊಲೆಹಾಲು ಕುಡಿಯುತ್ತಿದೆಯೇ ಎಂದು ವಿಚಾರಿಸಿದರು, ಕುಡಿಯುತ್ತಿದೆ ಎಂದಾಗ, "ಅಂಜಬ್ಯಾಡ ತಂಗಿ, ಇದು ಸೂಜಿ ಜ್ವರ ಅದ. ಹಾಲು ಕುಡೀಲಿಕತ್ತೇದಲ್ಲ, ನಾಳಿಗಿ ಇಳೀತದ. ಇಳೀಲಿಲ್ಲಂದ್ರ ಮುಂಜಾನೆ ನಾನೇ ದವಾಖಾನಿಗಿ ಬರ್ತೀನಿ," ಎಂದರು. ಬೆಳಗಾಗುವವರೆಗೆ ಅವರು ಎದ್ದು ಹೋಗಲಿಲ್ಲ. ಜ್ವರ ಇಳಿಯಿತು.

ಆ ರಾತ್ರಿ ಅವರು ತಮ್ಮ ಮೊದಲ ಕೂಸಿನ ಕಥೆಯನ್ನು ಹೇಳಿದರು. ನಲವತ್ತು ವರ್ಷಗಳಿಗೂ ಹಿಂದಿನ ಮಾತು. ಮಗುವಿಗೆ ಭೇದಿ ಹತ್ತಿತ್ತು. "ಹಾಲು ನಿಲ್ಲಿಸು, ಭೇದಿ ತಾನೇ ನಿಲ್ತದ ಅಂದ್ರು. ನಾ ನಿಲ್ಲಿಸ್ದೆ. ಭೇದಿ ನಿಲ್ಲಲಿಲ್ಲ, ಕೂಸೇ ಹೋಯ್ತು. ಆ ತಪ್ಪು ನೀ ಎಂದೂ ಮಾಡಬ್ಯಾಡ." ಈ ಮಾತನ್ನು ಅವರು ನಮ್ಮೊಬ್ಬರಿಗೇ ಹೇಳಿದ್ದಲ್ಲ. ಆ ವಠಾರಕ್ಕೆ ಬಂದ ಪ್ರತಿಯೊಬ್ಬ ಎಳೆಯ ತಾಯಿಗೂ ಹೇಳುತ್ತಿದ್ದರೆಂದು ಆಮೇಲೆ ತಿಳಿಯಿತು.

ಹೆಂಗಸರು ಕುಳಿತು ಹೆರಿಗೆಯ ಮಾತು, ಮಕ್ಕಳ ಕಾಯಿಲೆಯ ಮಾತು ಆಡುವುದನ್ನು ಕಾಲಹರಣವೆಂದು ನಗುವ ಗಂಡಸರು ನಮ್ಮಲ್ಲಿ ಬಹಳ. ನಾನೂ ಅವರಲ್ಲೊಬ್ಬನಾಗಿದ್ದೆ. ಈ ನಗರದಲ್ಲಿಯೇ ಅಂಥ ಒಂದು ಮಾತಿನಿಂದ ಏನಾಯಿತೆಂಬುದನ್ನು ನೆನೆಯಬೇಕು. ನಾಂಪಲ್ಲಿಯ ಆಚೆ ರೆಡ್ ಹಿಲ್ಸಿನಲ್ಲಿರುವ ನಿಲೋಫರ್ ಆಸ್ಪತ್ರೆಯ ಹೆಸರನ್ನು ಅರಿಯದ ತಾಯಿ ಹೈದರಾಬಾದಿನಲ್ಲಿ ಇರಲಾರಳು. ನಿಲೋಫರ್ ಕಡೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರ ಎರಡನೆಯ ಸೊಸೆ. ತುರ್ಕಿಯ ಅರಸುಮನೆತನದಿಂದ ಬಂದವರು. ಅವರಿಗೆ ಮಕ್ಕಳಿರಲಿಲ್ಲ. ಅವರ ಪರಿಚಾರಿಕೆ ರಫತ್ ಎಂಬಾಕೆ ಹೆರಿಗೆಯಲ್ಲಿ ತೀರಿಕೊಂಡಾಗ, ಇನ್ನೊಬ್ಬ ರಫತ್ ಹೀಗೆ ಸಾಯಬಾರದೆಂದು ಅವರು ಹಟ ಹಿಡಿದ ಫಲವಾಗಿ 1953ರಲ್ಲಿ ಆ ಆಸ್ಪತ್ರೆ ತೆರೆಯಿತು. ಒಬ್ಬ ಸೇವಕಿಯ ಹೆರಿಗೆಯ ಸುದ್ದಿಯನ್ನು ಒಬ್ಬ ರಾಜಕುಮಾರಿ ಹಗುರವಾಗಿ ಕೇಳಿ ಮರೆತಿದ್ದರೆ ಆ ಕಟ್ಟಡ ಏಳುತ್ತಿರಲಿಲ್ಲ. ನಮ್ಮಿಂದ ಆಸ್ಪತ್ರೆ ಕಟ್ಟಿಸುವುದಾಗದು. ಆದರೆ ಕೇಳಿದ್ದನ್ನು ಮರೆಯದಿರುವುದೂ, ಇನ್ನೊಬ್ಬರ ಬಾಗಿಲು ತಟ್ಟುವುದೂ ನಮ್ಮಿಂದಾಗದ ಕಾರ್ಯವೇ?

ಈ ನಗರದ ಕನ್ನಡಿಗರಾದ ನಮ್ಮದು ಎರಡು ಕಡೆಯಿಂದ ಬಂದು ಕೂಡಿದ ಸಮಾಜ. ಬೀದರ, ರಾಯಚೂರು, ಕಲಬುರ್ಗಿಯ ಕಡೆಯವರಿಗೆ ಇದು ಹೊರಗಿನ ಊರೇ ಆಗಿರಲಿಲ್ಲ. 1956ರ ನವೆಂಬರ್ 1ರವರೆಗೆ ಇದೇ ಅವರ ರಾಜಧಾನಿ. ಕರಾವಳಿಯವರಾದರೋ ಹೋಟೆಲಿನ ಒಲೆಯನ್ನು ನಂಬಿ ಬಂದವರು. ಒಬ್ಬರ ಮಾತು ಇನ್ನೊಬ್ಬರಿಗೆ ವಿಚಿತ್ರವೆನಿಸುವುದುಂಟು. ಆದರೂ ಮಗುವಿನ ಜ್ವರಕ್ಕೆ ಜಿಲ್ಲೆಯ ಭೇದವಿಲ್ಲ. ಕುಂದಾಪುರದ ಸೊಸೆಗೆ ಬೀದರಿನ ಅತ್ತೆ ದೊರೆಯುವುದು ಈ ನಗರದಲ್ಲಿ ಮಾತ್ರ ಸಾಧ್ಯ.

ಇನ್ನು ನಮ್ಮ ನಿಜವಾದ ತೊಡಕಿನ ಕಡೆಗೆ ಬರೋಣ. ನಮ್ಮ ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಹೋಗುತ್ತಾರೆ. ಮೂರನೆಯ ಅಥವಾ ಐದನೆಯ ತಿಂಗಳಿನಲ್ಲಿ ಮರಳುತ್ತಾರೆ. ಲಸಿಕೆಯ ಕಾಲವೋ ಇದರ ನಡುವೆಯೇ ಬೀಳುತ್ತದೆ. ಹುಟ್ಟಿದೊಡನೆ ಬಿ.ಸಿ.ಜಿ., ಪೋಲಿಯೋ ಹನಿ ಮತ್ತು 24 ಗಂಟೆಯೊಳಗೆ ಹೆಪಟೈಟಿಸ್ ಬಿ. ಆಮೇಲೆ 6, 10 ಮತ್ತು 14 ವಾರಗಳಲ್ಲಿ ಐದು ರೋಗಗಳಿಗೆ ಒಂದೇ ಆದ ಪೆಂಟಾವೇಲೆಂಟ್ ಮತ್ತು ಅದರ ಸಂಗಡದ ಹನಿಗಳು. 9 ತಿಂಗಳು ತುಂಬಿದ ಮೇಲೆ ದಡಾರ ಮತ್ತು ರುಬೆಲ್ಲಾ ಲಸಿಕೆ. ಒಂದೂವರೆ ವರ್ಷದ ಸುಮಾರಿಗೆ ಮತ್ತೆ. ತವರಿನಲ್ಲಿ "ಹೈದರಾಬಾದಿಗೆ ಹೋಗಿ ಹಾಕಿಸಿಕೊಂಡರಾಯಿತು" ಎನ್ನುತ್ತಾರೆ. ಇಲ್ಲಿ "ಊರಿನಲ್ಲಿ ಹಾಕಿಸಿರಬೇಕು" ಎಂದುಕೊಳ್ಳುತ್ತಾರೆ. ಎರಡು ಊರುಗಳ ನಡುವೆ ಮಗುವಿನ ಲಸಿಕೆ ರೈಲಿನಲ್ಲಿ ಮರೆತ ಗಂಟಿನಂತೆ ಕಳೆದುಹೋಗುತ್ತದೆ. ಕಾರ್ಡು ತವರಿನ ಪೆಟ್ಟಿಗೆಯಲ್ಲಿಯೇ ಉಳಿದಿರುತ್ತದೆ.

ಇದಕ್ಕೆ ಹೆದರಿ ಎಷ್ಟೋ ತಾಯಂದಿರು ಆರೋಗ್ಯ ಕೇಂದ್ರದ ಮೆಟ್ಟಿಲನ್ನೇ ಹತ್ತುವುದಿಲ್ಲ. ತಡವಾಯಿತೆಂದು ಬೈದಾರು ಎಂಬ ಅಂಜಿಕೆ. ಅವರಿಗೆ ಮೂರು ಸಂಗತಿಗಳನ್ನು ತಿಳಿಸಬೇಕಾಗಿದೆ. ಕರ್ನಾಟಕಕ್ಕೂ ತೆಲಂಗಾಣಕ್ಕೂ ರಾಷ್ಟ್ರೀಯ ಲಸಿಕಾ ಪಟ್ಟಿ ಒಂದೇ. ಅಲ್ಲಿ ಆರಂಭಿಸಿದ್ದನ್ನು ಇಲ್ಲಿ ಮುಂದುವರಿಸಬಹುದು. ಸರಕಾರಿ ಕೇಂದ್ರಗಳಲ್ಲಿ ಇದಕ್ಕೆ ಹಣವಿಲ್ಲ. ಒಂದು ಚುಚ್ಚುಮದ್ದು ತಡವಾದರೆ ಮೊದಲಿನಿಂದ ಎಲ್ಲವನ್ನೂ ಹಾಕಿಸಬೇಕಾಗಿಲ್ಲ. ನಿಂತಲ್ಲಿಂದ ಮುಂದಕ್ಕೆ ಹಾಕುತ್ತಾರೆ. ಆದರೆ ಕೆಲವಕ್ಕೆ ಮಗುವಿಗೆ ಒಂದು ವರ್ಷ ತುಂಬುವುದರೊಳಗೆ ಆರಂಭವಾಗಲೇಬೇಕೆಂಬ ಗಡಿಯುಂಟು. ಆದುದರಿಂದ ನಾಚಿಕೆಯಿಂದ ಇನ್ನೂ ತಡಮಾಡುವುದೇ ದೊಡ್ಡ ತಪ್ಪು.

ಲಸಿಕೆಯೇ ಏಕೆ, ಈಗ ಆ ರೋಗಗಳು ಎಲ್ಲಿವೆ ಎಂದು ಕೇಳುವ ವಿದ್ಯಾವಂತರೂ ನಮ್ಮ ಕಚೇರಿಗಳಲ್ಲಿದ್ದಾರೆ. ರೋಗಗಳು ತಾವಾಗಿ ಹೋದುವಲ್ಲ. ಪೋಲಿಯೋದಿಂದ ಕಾಲು ಸೊರಗಿದ ಒಬ್ಬ ಸಹಪಾಠಿಯಾದರೂ ನಮ್ಮ ತಲೆಯವರ ನೆನಪಿನಲ್ಲಿರುತ್ತಾನೆ. ಈ ದೇಶದಲ್ಲಿ ಪೋಲಿಯೋದ ಕಡೆಯ ಪ್ರಕರಣ ಹೌರಾದಲ್ಲಿ 2011ರ ಜನವರಿಯಲ್ಲಿ ಕಂಡಿತು. 2014ರಲ್ಲಿ ಭಾರತವು ಪೋಲಿಯೋಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಮನೆಮನೆಯ ಬಾಗಿಲಿಗೆ ಹನಿ ಹೊತ್ತು ನಡೆದವರ ಕಾಲಿನ ಬಲದಿಂದ ಅದು ಸಾಧ್ಯವಾಯಿತು. ನಾವು ಅನ್ನ ಉಣ್ಣುತ್ತಿರುವ ಈ ನಗರವೇ ಇಂದು ಲಸಿಕೆಗಳ ತವರು. ಎಳೆಯ ಮಕ್ಕಳ ಮಾರಕ ಭೇದಿಗೆ ಕಾರಣವಾದ ರೋಟಾವೈರಸ್ಸಿಗೆ ಇದೇ ನಗರದ ಅಂಚಿನಲ್ಲಿ ತಯಾರಾದ ಹನಿ 2015ರಲ್ಲಿ ಬಳಕೆಗೆ ಬಂದು, ಮರುವರ್ಷ ರಾಷ್ಟ್ರೀಯ ಕಾರ್ಯಕ್ರಮವನ್ನು ಸೇರಿತು. ಗಂಗೆಯ ದಡದಲ್ಲಿದ್ದುಕೊಂಡು ಬಾಯಾರಿ ಕುಳಿತರೆ ಯಾರ ತಪ್ಪು?

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಅನುಭವವೆಲ್ಲವೂ ಸರಿಯಾದ ತಿಳಿವಳಿಕೆಯಲ್ಲ. ಬೀದರಿನ ಆ ತಾಯಿಗೆ ಹಾಲು ನಿಲ್ಲಿಸೆಂದು ಹೇಳಿದವರೂ ಅನುಭವಸ್ಥರೇ. ಹುಟ್ಟಿದ ಮಗುವಿನ ನಾಲಗೆಗೆ ಜೇನು ಸವರುವವರೂ, ತಾಯಿಯ ಮೊದಲ ಹಾಲನ್ನು ಹಿಂಡಿ ಚೆಲ್ಲಿಸುವವರೂ ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಸಲ್ಲದು. ಮೊದಲ ಹಾಲು ಮಗುವಿಗೆ ದೊರೆಯುವ ಮೊದಲ ರಕ್ಷೆ. ಭೇದಿಯಾದ ಮಗುವಿಗೆ ಮೊಲೆಹಾಲನ್ನು ನಿಲ್ಲಿಸದೆ, ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಬರೆದ ಅಳತೆಯ ನೀರಿನಲ್ಲಿ ಕದಡಿ ಚಮಚದಿಂದ ಕುಡಿಸುವುದು ಕ್ರಮ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಲನಬಿಸ್ ಅವರು ಇದೇ ಉಪ್ಪುಸಕ್ಕರೆಯ ನೀರಿನಿಂದ ಅಸಂಖ್ಯ ಜೀವಗಳನ್ನು ಉಳಿಸಿದರು. ಅದೇ ಹೆಸರಿಟ್ಟುಕೊಂಡು ಅಂಗಡಿಗಳಲ್ಲಿ ಸಕ್ಕರೆ ಪಾನಕಗಳು ಮಾರಾಟವಾಗುತ್ತಿದ್ದುದರ ವಿರುದ್ಧ ವರ್ಷಗಟ್ಟಲೆ ಹೋರಾಡಿದವರು ಈ ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್. 2025ರ ಅಕ್ಟೋಬರಿನಲ್ಲಿ ಸರಕಾರದ ಆಹಾರ ಪ್ರಾಧಿಕಾರವು ಆ ಹೆಸರಿನ ದುರುಪಯೋಗವನ್ನು ನಿಷೇಧಿಸಿತು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ಅನುಭವಸ್ಥರು ಧೈರ್ಯ ಕೊಡಲಿ, ಔಷಧವನ್ನು ವೈದ್ಯರು ಕೊಡಲಿ. ಬಿ.ಸಿ.ಜಿ. ಹಾಕಿದ ತೋಳಿನಲ್ಲಿ ಕೆಲವು ವಾರಗಳ ಮೇಲೆ ಗುಳ್ಳೆಯೆದ್ದು, ಒಡೆದು, ಕಲೆಯಾಗುವುದು ಸಹಜವೆಂಬುದನ್ನು ಕಂಡ ತಾಯಿ ಕಾಣದವಳಿಗೆ ಹೇಳಿದರೆ ಒಂದು ತಿಂಗಳ ನಿದ್ರೆ ಉಳಿಯುತ್ತದೆ. ಆದರೆ ಮಗು ಹಾಲು ಬಿಟ್ಟರೆ, ಎಚ್ಚರಿಸಿದರೂ ಕಣ್ಣು ತೆರೆಯದಿದ್ದರೆ, ಸೆಳವು ಬಂದರೆ, ಉಸಿರಾಡುವಾಗ ಪಕ್ಕೆ ಒಳಕ್ಕೆ ಸೆಳೆದರೆ, ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಆಗ ಯಾರ ಅನುಭವವನ್ನೂ ಕೇಳುತ್ತಾ ಕೂರದೆ ಆಸ್ಪತ್ರೆಗೆ ಓಡಬೇಕು. ಆಗ ನೆರೆಯವರಿಗಿರುವ ಕೆಲಸ ಒಂದೇ: ಆಟೋ ಕರೆದು ತಂದು, ಜೊತೆಯಲ್ಲಿ ಕುಳಿತುಕೊಳ್ಳುವುದು.

ಜೊತೆಯಲ್ಲಿ ಹೋಗುವುದು ಸಣ್ಣ ಉಪಕಾರವಲ್ಲ. ಊರಿನಿಂದ ಹೊಸದಾಗಿ ಬಂದ ಹೆಣ್ಣುಮಗಳಿಗೆ ತೆಲುಗು ತಿಳಿಯದು, ಇಲ್ಲಿಯ ಹಿಂದಿ ಬಾರದು. ಚುಚ್ಚುಮದ್ದಿಗೆ ಇಲ್ಲಿ ಟೀಕಾ ಎನ್ನುತ್ತಾರೆ. ನರ್ಸಮ್ಮ "ಟೀಕಾ ಆಯಿತೇ" ಎಂದು ಕೇಳಿದಾಗ, ತನ್ನನ್ನು ಯಾರೋ ಟೀಕಿಸಿದರೇ ಎಂದು ಬೆದರಿದವಳನ್ನು ನಾನು ಬಲ್ಲೆ. ನಕ್ಕುಬಿಡಬಹುದಾದ ಮಾತೇ ಸರಿ. ಆದರೆ ಮುಂದಿನ ತಾರೀಖನ್ನು ಹೇಳಿದ್ದು ತಿಳಿಯದೆ ಆಕೆ ತಲೆಯಾಡಿಸಿ ಬಂದಿದ್ದಳು ಎಂಬುದು ನಗುವ ಮಾತಲ್ಲ.

ಗಂಡಸರ ಪಾಲನ್ನೂ ಹೇಳಬೇಕು. ಕೇಂದ್ರ ಸರಕಾರದ ಗುಮಾಸ್ತನಿಗೆ ಮಗು ಹುಟ್ಟಿದಾಗ 15 ದಿನಗಳ ರಜೆಯುಂಟು. ಹೋಟೆಲಿನ ಅಡಿಗೆಯವನಿಗೂ ಮಾಣಿಗೂ ಅಂಥ ಕಾನೂನಿಲ್ಲ. ಇಪ್ಪತ್ತು ವರ್ಷ ದೋಸೆಕಲ್ಲಿನ ಮುಂದೆ ನಿಂತ ಒಬ್ಬ ಹಿರಿಯರು ಒಮ್ಮೆ ನನ್ನೊಡನೆ ಹೇಳಿದರು: ಮೊದಲ ಮಗಳು ಹುಟ್ಟಿದ ಸುದ್ದಿ ಬಂದಾಗ ಕಲ್ಲಿನ ಮೇಲೆ ಆರು ದೋಸೆಗಳಿದ್ದುವಂತೆ, ಅವನ್ನು ಮಗುಚಿ, ತೆಗೆದು, ಮತ್ತೆ ಆರು ಹುಯ್ದರಂತೆ. ಮಗಳ ಮುಖ ನೋಡಿದ್ದು ನಾಲ್ಕು ತಿಂಗಳ ಮೇಲೆ. ಆ ದಿನ ಯಾರೊಡನೆಯೂ ಆ ಸುದ್ದಿಯನ್ನು ಹೇಳಲಿಲ್ಲವಂತೆ. "ಹೇಳಿದರೆ ಅಳು ಬರುತ್ತಿತ್ತು, ಮಾರಾಯ್ರೇ" ಎಂದರು. ಹೆರಿಗೆಯ ನೆನಪು ಹೆಂಗಸರಿಗೆ ಮಾತ್ರ ಸೇರಿದ್ದಲ್ಲವೆಂದು ನನಗೆ ತಿಳಿದದ್ದು ಅಂದು. ಆ ಹೊತ್ತಿನಲ್ಲಿ ಪಕ್ಕದಲ್ಲಿದ್ದವನು ಸಟ್ಟುಗವನ್ನು ತಾನು ತೆಗೆದುಕೊಂಡು, "ನೀವು ಹೋಗಿ ಮನೆಗೆ ಮಾತಾಡಿ ಬನ್ನಿ" ಎಂದಿದ್ದರೆ ಯಾವ ಹೋಟೆಲು ಮುಳುಗುತ್ತಿತ್ತು?

ಈ ಕಾರ್ಯಕ್ಕೆ ಸಂಘ ಬೇಡ, ಅಧ್ಯಕ್ಷರು ಬೇಡ, ಹಾರ ತುರಾಯಿ ಬೇಡ. ಪ್ರತಿಯೊಂದು ಹೋಟೆಲಿನಲ್ಲಿಯೂ ಕಚೇರಿಯಲ್ಲಿಯೂ, ಮಗುವಿನ ಲಸಿಕೆಯ ದಿನ ತಂದೆಯ ಪಾಳಿಯನ್ನು ಸಂಗಡಿಗನೊಬ್ಬ ಹೊತ್ತುಕೊಳ್ಳುವ ರೂಢಿ ಬೆಳೆಯಲಿ. ಯಜಮಾನರು ಆ ಅರ್ಧ ದಿನದ ಸಂಬಳವನ್ನು ಕಡಿಯದಿರಲಿ. ತಾವೂ ಒಂದು ಕಾಲಕ್ಕೆ ಮೇಜು ಒರೆಸಿದವರೆಂಬುದನ್ನು ಅವರಲ್ಲಿ ಅನೇಕರು ಇನ್ನೂ ಮರೆತಿಲ್ಲ. ತವರಿನಿಂದ ಹೊರಡುವ ಮಗಳ ಚೀಲದಲ್ಲಿ ಉಪ್ಪಿನಕಾಯಿಯ ಭರಣಿಗಿಂತ ಮೊದಲು ಲಸಿಕೆಯ ಕಾರ್ಡು ಸೇರಲಿ. ಅದರ ಒಂದು ಚಿತ್ರ ಗಂಡನ ದೂರವಾಣಿಯಲ್ಲಿಯೂ ಇರಲಿ. ಹಸುಗೂಸಿನೊಡನೆ ಹೊಸಬಳೊಬ್ಬಳು ವಠಾರಕ್ಕೆ ಬಂದ ವಾರದೊಳಗೆ, ಮಕ್ಕಳನ್ನು ಹೆತ್ತು ಬೆಳೆಸಿದ ಒಬ್ಬರು ಅವಳ ಬಾಗಿಲನ್ನು ತಟ್ಟಲಿ.

ನಮ್ಮ ಪಕ್ಕದ ಕೋಣೆಯ ಆ ಬೀದರಿನ ತಾಯಿ ಈಗಿಲ್ಲ. ಮೊನ್ನೆ ಅದೇ ಕೋಣೆಗೆ ಹೊಸ ಸಂಸಾರವೊಂದು ಬಂತು. ತಂದೆ ಅಬಿಡ್ಸಿನ ಒಂದು ಹೋಟೆಲಿನಲ್ಲಿ ಕ್ಯಾಷಿಯರ್. ರಾತ್ರಿ ಹನ್ನೊಂದರ ಮೇಲೆ ಮಗುವಿನ ಅಳು ಕೇಳಿಸಿತು. ನನ್ನ ಹೆಂಡತಿ ಎದ್ದು ಸೆರಗು ಸರಿಪಡಿಸಿಕೊಂಡು ಹೊರಗೆ ನಡೆದಳು. ಅವಳು ಆ ಬಾಗಿಲು ತಟ್ಟಿದ ಸದ್ದು ಗೋಡೆಯ ಈಚೆ ನನಗೂ ಕೇಳಿಸಿತು.