ಬಿಸಿಲಿನ ಬಂಗೂ ಮೂಲಿಕೆಯ ಲೇಪವೂ

ಕಳೆದ ವರ್ಷದ ಕ್ರೀಡೋತ್ಸವಕ್ಕೆ ಮುಂಚೆ ತಾಯಿಯೊಬ್ಬರು ನಮ್ಮ ಕೊಠಡಿಗೆ ಬಂದು, “ಅಮ್ಮನವರೇ, ನಮ್ಮ ಹುಡುಗಿಯನ್ನು ಬಿಸಿಲಿನ ಆಟಗಳಿಂದ ಬಿಡಿಸಬೇಕು, ಮುಖ ಕಪ್ಪಾದರೆ ನಾಳೆ ಸಂಬಂಧ ಕೂಡಿಬರುವುದು ಕಷ್ಟ” ಎಂದು ಬೇಡಿಕೊಂಡರು. ಅದೇ ವಾರದಲ್ಲಿ ಮತ್ತೊಬ್ಬ ಬಾಲಿಕೆಯು ಬಣ್ಣ ಬಿಳುಪಾಗಲೆಂದು ಮುಖಕ್ಕೆ ನಿಂಬೆಯ ರಸವನ್ನು ಹಚ್ಚಿಕೊಂಡು ಮೈದಾನದಲ್ಲಿ ನಿಂತು, ಎರಡು ದಿನಗಳಲ್ಲಿ ಕೆನ್ನೆಯ ಮೇಲೆ ಬೊಬ್ಬೆಗಳನ್ನೂ, ಅನಂತರ ಹಲವು ವಾರ ಮಾಯದ ಕಪ್ಪು ಕಲೆಯನ್ನೂ ತಂದುಕೊಂಡಳು. ಈ ಎರಡು ಸಂಗತಿಗಳೇ ನಮ್ಮ ಈ ಬರವಣಿಗೆಗೆ ಕಾರಣವಾದುವು.

ಸೂರ್ಯನ ನೇರಳಾತೀತ ಕಿರಣಗಳು ತಾಕಿದಾಗ ಚರ್ಮವು ಮೆಲನಿನ್ ಎಂಬ ವರ್ಣದ್ರವ್ಯವನ್ನು ಹೆಚ್ಚಾಗಿ ಹುಟ್ಟಿಸುತ್ತದೆ. ಇದು ದೇಹವು ತನ್ನ ರಕ್ಷಣೆಗೆ ಹಿಡಿಯುವ ಕೊಡೆಯೇ ಹೊರತು ಕಳಂಕವಲ್ಲ. ಆದರೆ ಕೆಲವರಿಗೆ, ವಿಶೇಷವಾಗಿ ಗರ್ಭಿಣಿಯರಿಗೆ, ಮುಖದಲ್ಲಿ ಬಂಗು ಮೂಡಿ ಬಿಸಿಲಿನಿಂದ ಹೆಚ್ಚುವುದುಂಟು. ಅದನ್ನು ತಡೆಯಬಯಸುವುದು ತಪ್ಪಲ್ಲ.

ಇದಕ್ಕಾಗಿ ಅಂಗಡಿಗಳಲ್ಲಿ ಅರಿಸಿನ, ಶ್ರೀಗಂಧ, ಲೋಳೆಸರ, ಅತಿಮಧುರಗಳ ಹೆಸರು ಹೊತ್ತ ಲೇಪಗಳು ತುಂಬಿವೆ. ಇವು ನಿಷ್ಪ್ರಯೋಜಕವೆಂದು ನಾವು ಹೇಳುವುದಿಲ್ಲ. ಅತಿಮಧುರದ ಬೇರಿನಲ್ಲಿರುವ ಗ್ಲಾಬ್ರಿಡಿನ್ ಎಂಬ ಅಂಶವು ಮೆಲನಿನ್ ಉತ್ಪತ್ತಿಯನ್ನು ತಗ್ಗಿಸುವುದೆಂದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಆದರೆ ಕಲೆಯನ್ನು ತಗ್ಗಿಸುವುದು ಬೇರೆ, ಕಿರಣವನ್ನು ತಡೆಯುವುದು ಬೇರೆ. ಡಬ್ಬಿಯ ಮೇಲೆ ಎಲೆಯ ಚಿತ್ರವಿದ್ದರೂ, ತಡೆಯುವ ಕೆಲಸವನ್ನು ಅನೇಕ ವೇಳೆ ಒಳಗಿನ ಝಿಂಕ್ ಆಕ್ಸೈಡಿನಂಥ ಖನಿಜವೇ ಮಾಡುತ್ತಿರುತ್ತದೆ. ಆದುದರಿಂದ ಚಿತ್ರವನ್ನು ನೋಡದೆ, ಎಸ್.ಪಿ.ಎಫ್. ಎಂಬ ಅಂಕೆಯು 30ಕ್ಕೆ ಕಡಿಮೆಯಿಲ್ಲವೆಂಬುದನ್ನು ನೋಡತಕ್ಕದ್ದು. ಹೊರಗಿರುವಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚತಕ್ಕದ್ದು. ನಿಂಬೆಯೂ ಗಿಡದ್ದೇ ಅಲ್ಲವೇ? ಅದರ ರಸದಲ್ಲಿನ ಕೆಲವು ಅಂಶಗಳು ಬಿಸಿಲಿನೊಡನೆ ಸೇರಿ ಚರ್ಮವನ್ನು ಸುಡುತ್ತವೆ. ಗಿಡದಿಂದ ಬಂದುದೆಲ್ಲ ನಿರಪಾಯವೆಂಬ ನಂಬಿಕೆಯನ್ನು ಬಿಡಬೇಕು.

ಇದಕ್ಕಿಂತಲೂ ಹಳೆಯದಾದ ಮತ್ತೊಂದು ನಂಬಿಕೆಯುಂಟು. 1975ರಲ್ಲಿ ಪೇಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ಎಂಬ ಲೇಪದ ಹೆಸರಿನಿಂದ, ಬಿಳುಪನ್ನು ಸೂಚಿಸುವ ‘ಫೇರ್’ ಎಂಬ ಪದವನ್ನು 2020ರಲ್ಲಿ ತೆಗೆದುಹಾಕಿದರು. ಡಬ್ಬಿಯ ಮೇಲಿನ ಮಾತು ಬದಲಾಯಿತು. ನಮ್ಮ ಮನೆಗಳ ಮಾತು ಬದಲಾಯಿತೇ? ಬಿಸಿಲಿನ ಅಪಾಯದಿಂದ ಚರ್ಮವನ್ನು ಕಾಯುವುದು ವಿವೇಕ. ಹುಟ್ಟಿನಿಂದ ಬಂದ ಬಣ್ಣವನ್ನೇ ದೋಷವೆಂದು ಮಗಳಿಗೆ ಕಲಿಸುವುದು ಅನ್ಯಾಯ. ನಿಂಬೆಯ ರಸವನ್ನು ಹಚ್ಚಿಕೊಂಡ ಬಾಲಿಕೆಯು ಆ ಪಾಠವನ್ನು ನಮ್ಮ ಪಾಠಶಾಲೆಯಲ್ಲಿ ಕಲಿತವಳಲ್ಲವೆಂದು ನಾವು ಹೇಳಬಹುದಿತ್ತು. ಆದರೆ ಅದನ್ನು ಅಳಿಸುವ ಪಾಠವನ್ನು ನಾವು ಕಲಿಸಿರಲಿಲ್ಲವೆಂಬುದೂ ನಿಜ.

ಆ ತಾಯಿಯ ಬೇಡಿಕೆಯನ್ನು ನಾವು ಒಪ್ಪಲಿಲ್ಲ, ಅಲಕ್ಷಿಸಲೂ ಇಲ್ಲ. ಅಂದಿನಿಂದ ಕವಾಯತು ಬೆಳಿಗ್ಗೆ ಎಂಟು ಗಂಟೆಯೊಳಗೆ ಮುಗಿಯುತ್ತದೆ. ಬಿಡುವಿನಲ್ಲಿ ಹುಡುಗಿಯರು ಹೊಂಗೆಯ ನೆರಳಿನಲ್ಲಿ ಕುಳಿತುಕೊಳ್ಳುತ್ತಾರೆ. ಅಗಲ ಅಂಚಿನ ಟೋಪಿ ಎಲ್ಲರಿಗೂ ಉಂಟು. ಆಕೆಯ ಮಗಳು ಓಟದಲ್ಲಿ ಮೂರನೆಯವಳಾಗಿ ಬಂದಾಗ, ತಾಯಿಯು ತಾವು ಹಿಡಿದಿದ್ದ ಕೊಡೆಯನ್ನು ಕೆಳಗಿಟ್ಟು ಚಪ್ಪಾಳೆ ತಟ್ಟಿದರು.

ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿದ್ದೀರಿ. ಲೇಪವನ್ನು ಕೊಳ್ಳುವುದಾದರೆ ರಕ್ಷಣೆಗೆಂದು ಕೊಳ್ಳಿರಿ. ಬಂಗು ಹೆಚ್ಚಾದರೆ ಚರ್ಮವೈದ್ಯರಿಗೆ ತೋರಿಸಿರಿ. ಮಗಳ ಬಣ್ಣವನ್ನು ಕುರಿತು ಅವಳೆದುರಿಗೆ ನಿಟ್ಟುಸಿರಿಡದಿರಿ ಎಂದು ನಮ್ಮ ಬಿನ್ನಹ.