ನೆಪವಿಲ್ಲದ ನಡಿಗೆ

ಹೊನ್ನಾವರದ ಅಪ್ಸರಕೊಂಡಕ್ಕೆ ಹೋಗಲು ಗಂಡಸರಿಗೆ ಬಿಡುವಿದ್ದರೆ ಸಾಕು. ನಮಗೆ ನೆಪ ಬೇಕು. ದೇವಸ್ಥಾನಕ್ಕೆಂದರೆ ಮನೆಯಲ್ಲಿ ಒಪ್ಪಿಗೆ. ಗುಡ್ಡದ ಮೇಲಿಂದ ಸಮುದ್ರ ನೋಡಲಿಕ್ಕೆಂದರೆ, "ಎಂತಕ್ಕೆ? ಯಾರೊಟ್ಟಿಗೆ?"

ಕುಮಟಾ ತಾಲೂಕಿನ ಯಾಣದಲ್ಲೂ ಅಷ್ಟೇ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರವನ್ನು ಕತ್ತೆತ್ತಿ ನೋಡುವಷ್ಟರಲ್ಲಿ ತಿಂಡಿಡಬ್ಬಿ, ಮಕ್ಕಳ ಚಪ್ಪಲಿ, ಹಣ್ಣುಕಾಯಿ ಎಲ್ಲವೂ ನಮ್ಮ ಕೈಗೆ. ಮೋಹಿನಿ ಶಿಖರ 90 ಮೀಟರ್. ಭಸ್ಮಾಸುರನನ್ನು ಕುಣಿಸಿ ಬೂದಿ ಮಾಡಿದವಳು ಅವಳು, ಗಿಡ್ಡ ಶಿಖರವೂ ಅವಳಿಗೇ!

ಭಟ್ಕಳದ ನನ್ನ ತರಗತಿಯ ಹುಡುಗಿಯರಿಗೆ ಪಶ್ಚಿಮಘಟ್ಟದ ಪಾಠ ಬಾಯಿಪಾಠ. ಗುಡ್ಡ ಹತ್ತಿದವರು ಕೈಯೆತ್ತಿ ಎಂದರೆ ಏಳುವುದು ಹುಡುಗರ ಕೈಗಳೇ. ಇವರೂ ಸಕ್ಕರೆ ಕಾಯಿಲೆ ಬಂದು, ಡಾಕ್ಟರು ಚೀಟಿ ಬರೆದುಕೊಟ್ಟ ಮೇಲೆಯೇ ನಡೆಯಬೇಕೇ?

ಬರುವ ರವಿವಾರ ನೆರೆಮನೆಯವಳನ್ನೂ ಮಗಳನ್ನೂ ಕರೆದುಕೊಂಡು, ಬರಿಗೈಯಲ್ಲಿ ಹೊರಡಿ. ಅನ್ನ ಮುಚ್ಚಿಟ್ಟಿದ್ದರೆ ಸಾಕು. ಬಡಿಸಿಕೊಳ್ಳಲು ಅವರಿಗೂ ಕೈಯಿದೆ.