ಬಳಿದ ತುಕ್ಕು

ಕಳೆದ ಚಳಿಗಾಲದ ಒಂದು ರವಿವಾರ ನಮ್ಮ ಬಳಗದ ಐದಾರು ಮಂದಿ ದಕ್ಷಿಣ ಮುಂಬಯಿಯಲ್ಲಿ ನಡೆದ ಹಳೆಯ ಕಾರುಗಳ ಪ್ರದರ್ಶನವೊಂದಕ್ಕೆ ಹೋಗಿದ್ದೆವು. ಕನ್ನಡಿಯಂತೆ ಹೊಳೆಯುವ ಕಾರುಗಳ ಸಾಲಿನ ಕೊನೆಯಲ್ಲಿ ಒಂದು ಫಾರ್ಗೊ ಪಿಕಪ್ ವ್ಯಾನು ನಿಂತಿತ್ತು. ಮಾಸಿದ ಹಸಿರು ಬಣ್ಣ. ಅಲ್ಲಲ್ಲಿ ಬಣ್ಣ ಎದ್ದು ಕೆಳಗಿನ ಕೆಂಪು ಪ್ರೈಮರ್, ಅದರ ಕೆಳಗೆ ತುಕ್ಕು. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅದರ ಬಾಗಿಲು. ಅರ್ಧ ಅಳಿಸಿದ ಕನ್ನಡ ಅಕ್ಷರಗಳಲ್ಲಿ ಅಲ್ಲೊಂದು ಟ್ರಾನ್ಸ್‌ಪೋರ್ಟ್ ಕಂಪನಿಯ ಹೆಸರಿತ್ತು. ಅದರ ಕೆಳಗೆ 'ಗದಗ' ಎಂದಿತ್ತು.

ಪರಊರಿನಲ್ಲಿ ಕನ್ನಡದ ಒಂದು ಬೋರ್ಡು ಕಂಡರೂ ಹೆಜ್ಜೆ ನಿಧಾನವಾಗುವ ಜನ ನಾವು. ನಮ್ಮೊಡನಿದ್ದ ಹಿರಿಯರೊಬ್ಬರು ಗದಗಿನ ಕಡೆಯವರು, ಎಂಬತ್ತರ ಸಮೀಪದಲ್ಲಿರುವವರು. ಅವರು ವ್ಯಾನಿನ ಬಾಗಿಲಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. "ಈ ಗಾಡಿ ನಾ ನೋಡೀನಿ" ಎಂದರು. "ಸಣ್ಣವ ಇದ್ದಾಗ ನಮ್ಮಪ್ಪನ ಜೋಡಿ ಇಂಥಾದ್ರಾಗ ಕೂತು ಲಕ್ಷ್ಮೇಶ್ವರಕ್ಕ ಹೋಗಿದ್ದೆ. ಇದ ಇರಬೇಕು." ಕಂಪನಿ ಯಾರದಿತ್ತು, ಆಫೀಸು ಯಾವ ಓಣಿಯಲ್ಲಿತ್ತು ಎಂದೆಲ್ಲ ನೆನಪಿಸಿಕೊಳ್ಳಲು ತೊಡಗಿದರು. ಒಂದೆರಡು ವಿವರಗಳು ಅವರಿಗೆ ಹೊಳೆದೂಬಿಟ್ಟವು.

ಅಷ್ಟರಲ್ಲಿ ವ್ಯಾನಿನ ಒಡೆಯನಾದ ತರುಣ ಬಂದ. ಸಭ್ಯ ಹುಡುಗ. ನಕ್ಕು, ಹಿಂದಿಯಲ್ಲಿ, "ಅಂಕಲ್, ಇದೆಲ್ಲ ಈಚೆಗೆ ಮಾಡಿಸಿದ್ದು" ಎಂದ. ಗುಜರಿಯಿಂದ ಕೊಂಡಾಗ ವ್ಯಾನಿಗೆ ಬಣ್ಣವೇ ಇರಲಿಲ್ಲವಂತೆ. ಹಸಿರು, ಕೆಂಪು, ತುಕ್ಕು, ಅಕ್ಷರ ಎಲ್ಲವೂ ಒಬ್ಬ ಕಲಾವಿದನ ಒಂದು ತಿಂಗಳ ಕೆಲಸ. ಕನ್ನಡದ ಗುಂಡಗಿನ ಅಕ್ಷರಗಳು ಚೆಂದ ಕಾಣುತ್ತವೆಂದು ಆರಿಸಿದ್ದು. ಊರಿನ ಹೆಸರು ಚಿಕ್ಕದಿರಲೆಂದು ನಕ್ಷೆ ನೋಡಿ ಹಾಕಿಸಿದ್ದು. ಮನೆಗೆ ಬಂದು ಫೋಟೋವನ್ನು ಹಿಗ್ಗಿಸಿ ನೋಡಿದಾಗ ನಮಗೂ ತಿಳಿಯಿತು: ಎರಡು 'ಟ'ಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಅಚ್ಚಿನವು. ಬೋರ್ಡು ಬರೆಯುವವನ ಕುಂಚದಿಂದ ಎಂದೂ ಹಾಗೆ ಬರುವುದಿಲ್ಲ.

ಅಮೆರಿಕದ ಹಳೆಗಾರುಗಳ ಲೋಕದಲ್ಲಿ ಈ ಕೆಲಸಕ್ಕೆ 'ಫೋ ಪಾಟಿನಾ' ಎಂದು ಹೆಸರು. ಕಾಲವು ವಸ್ತುವಿನ ಮೈಮೇಲೆ ತಾನಾಗಿ ಮೂಡಿಸುವ ಹಳಮೆ ಪಾಟಿನಾ. ಅದನ್ನು ಕೈಯಾರೆ ಮೂಡಿಸಿದರೆ ಅದು ಹುಸಿ. 1950ರ ಆಸುಪಾಸಿನ ಶೆವ್ರೊಲೆ, ಫೋರ್ಡ್ ಪಿಕಪ್ಪುಗಳ ಮೇಲೆ ಈ ಪ್ರಯೋಗ ಹೆಚ್ಚು. ಒಂದರ ಮೇಲೊಂದರಂತೆ ಬೇರೆ ಬೇರೆ ಬಣ್ಣಗಳ ಪದರಗಳನ್ನು ಕೊಟ್ಟು, ಉಪ್ಪುಕಾಗದದಿಂದ ಬೇಕಾದಲ್ಲಿ ಬೇಕಾದಷ್ಟು ಉಜ್ಜಿ ಕೆಳಗಿನದನ್ನು ತೋರಿಸುತ್ತಾರೆ. ಬರಿಯ ತಗಡು ಕಂಡಲ್ಲಿ ಉಪ್ಪುನೀರು, ವಿನೆಗರ್, ಹೈಡ್ರೋಜನ್ ಪೆರಾಕ್ಸೈಡ್ ಚಿಮುಕಿಸಿದರೆ ಗಂಟೆಗಳೊಳಗೆ ತುಕ್ಕು ಏಳುತ್ತದೆ. ಬಳಿಕ ಎಲ್ಲದರ ಮೇಲೆ ಹೊಳಪಿಲ್ಲದ ಪಾರದರ್ಶಕ ಲೇಪವೊಂದನ್ನು ಕೊಟ್ಟು, ಆ ತುಕ್ಕು ಮುಂದೆ ಬೆಳೆಯದಂತೆ ಕಟ್ಟಿಹಾಕುತ್ತಾರೆ. ಹಳತಾಗಿ ಕಾಣಬೇಕು, ಹಳತಾಗಕೂಡದು!

ಇದಕ್ಕೆ ಎದುರಾಗಿ ನಿಲ್ಲುವುದು ಥಳಥಳಿಸುವ ಹೊಸ ಬಣ್ಣ. ಹಳೆಗಾರಿನ ಪ್ರೇಮಿಗಳಲ್ಲಿ ಈ ಎರಡು ಪಂಥಗಳ ನಡುವೆ ಜಗಳವೇ ಇದೆ. ಹುಸಿ ಹಳಮೆಯವರ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಹೊಳಪಿನವರೂ ಸುಳ್ಳುಗಾರರೇ ಎಂಬುದು ಅವರ ಮುಖ್ಯ ಮಾತು, ಮತ್ತು ಅದರಲ್ಲಿ ಸತ್ಯಾಂಶವಿದೆ. ಕಾರುಗಳಿಗೆ ಮೊದಮೊದಲು ಸಾರೋಟಿಗೆ ಬಳಿಯುವ ವಾರ್ನಿಷನ್ನೇ ಕುಂಚದಿಂದ ಬಳಿಯುತ್ತಿದ್ದರು. ಪದರದ ಮೇಲೆ ಪದರ ಒಣಗಲು ವಾರಗಳೇ ಹಿಡಿಯುತ್ತಿದ್ದವು. 1923ರಲ್ಲಿ ಡುಪಾಂಟ್ ಕಂಪನಿಯ ಡ್ಯೂಕೋ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣ ಬಂದು, ಜನರಲ್ ಮೋಟಾರ್ಸ್ ಅದನ್ನು ತನ್ನ ಓಕ್‌ಲ್ಯಾಂಡ್ ಕಾರುಗಳಿಗೆ ಬಳಸಿದ ಮೇಲೆ ಒಣಗುವ ಕಾಲ ಗಂಟೆಗಳಿಗೆ ಇಳಿಯಿತು. (ನಮ್ಮ ದೇಶದ ಬಡಗಿಗಳ ಬಾಯಲ್ಲಿ ಇಂದಿಗೂ ಕಪಾಟಿಗೆ ಹೊಡೆಯುವ ಸ್ಪ್ರೇ ಬಣ್ಣ 'ಡ್ಯೂಕೋ'ವೇ, ಹೆಸರಿನ ಮೂಲ ಮರೆತಿದೆ, ಹೆಸರು ಉಳಿದಿದೆ.) ಆ ಬಣ್ಣದ ಹೊಳಪು ಮೃದುವಾದದ್ದು. ಈಗಿನ ಎರಡು ಘಟಕದ ಕ್ಲಿಯರ್ ಕೋಟು ಕೊಡುವ ಗಾಜಿನಂಥ ಆಳ ಅಂದಿನ ಯಾವ ಕಾರ್ಖಾನೆಯಿಂದ ಹೊರಬಿದ್ದ ಕಾರಿಗೂ ಇರಲಿಲ್ಲ. ಬಾಗಿಲ ಸಂದುಗಳನ್ನು ಕಾರ್ಖಾನೆಯವರಿಗಿಂತ ನೇರಮಾಡಿ, ಅವರು ಕಾಣದ ಹೊಳಪನ್ನು ಹೊದಿಸಿ 'ಇದು 1938ರ ಕಾರು' ಎನ್ನುವುದು ಎಷ್ಟು ನಿಜ?

ಪೂರ್ಣ ನಿಜವಲ್ಲವೆಂದು ಒಪ್ಪೋಣ. ಆದರೂ ಎರಡು ಸುಳ್ಳುಗಳು ಸಮವಲ್ಲ ಎಂಬುದು ನಮ್ಮ ಅಭಿಪ್ರಾಯ. ಹೊಸ ಬಣ್ಣ ತಾನು ಹೊಸದೆಂಬುದನ್ನು ಮುಚ್ಚಿಡುವುದಿಲ್ಲ. ಅದನ್ನು ನೋಡಿ ಯಾರೂ 'ಈ ಕಾರು ಎಂಬತ್ತು ವರ್ಷ ಹೀಗೆಯೇ ಹೊಳೆಯುತ್ತಿತ್ತು' ಎಂದುಕೊಳ್ಳುವುದಿಲ್ಲ. ಬಳಿದ ತುಕ್ಕಾದರೋ ನಂಬಿಕೆಯನ್ನು ಬೇಡುತ್ತದೆ. ಯಾರೋ ದುಡಿದರು, ಎಲ್ಲಿಯೋ ಮಳೆ ಬಿತ್ತು, ಯಾವುದೋ ಊರಿನ ಬಿಸಿಲು ಬಡಿಯಿತು ಎಂದು ಹೇಳುತ್ತದೆ. ದುಡಿದವರು ಯಾರೂ ಇಲ್ಲ, ಬಿಸಿಲೂ ಇಲ್ಲ.

ನಿಜವಾದ ಹಳಮೆಗೆ ಕಾರಣವಿರುತ್ತದೆ. ಬಣ್ಣ ಮೊದಲು ಮಾಸುವುದು ಚಾವಣಿ ಮತ್ತು ಬಾನೆಟ್ಟಿನ ಮೇಲೆ, ಏಕೆಂದರೆ ಸೂರ್ಯ ಮೇಲಿದ್ದಾನೆ. ಚಾಲಕನ ಬಾಗಿಲಿನ ಅಂಚು ಸವೆಯುವುದು ಅವನ ಮೊಣಕೈಗೆ. ಹಿಡಿಕೆಯ ಹಿಂದೆ ಉಗುರಿನ ಗೀರು, ಪೆಟ್ರೋಲ್ ಮುಚ್ಚಳದ ಕೆಳಗೆ ಸೋರಿದ ಕಲೆ. ನೈಟ್ರೋಸೆಲ್ಯುಲೋಸ್ ಬಣ್ಣದಲ್ಲಂತೂ ಇನ್ನೊಂದು ಸೋಜಿಗ: ಅದರ ಹೊಳಪನ್ನು ಉಳಿಸಲು ಆಗಾಗ ಪಾಲಿಶ್ ಮಾಡಬೇಕು, ಮಾಡಿದಷ್ಟೂ ಅದು ತೆಳುವಾಗುತ್ತದೆ, ಕೊನೆಗೆ ಏಣುಗಳಲ್ಲಿ ಪ್ರೈಮರ್ ಇಣುಕುತ್ತದೆ. ನಾವು ಅಲಕ್ಷ್ಯದ ಗುರುತೆಂದು ತಿಳಿಯುವುದು ಎಷ್ಟೋ ಸಲ ಅಕ್ಕರೆಯ ಗುರುತು. ಯಾರೋ ಒಬ್ಬರು ವರ್ಷಗಟ್ಟಲೆ ಅದೇ ಅಂಚನ್ನು ಬಟ್ಟೆಯಿಂದ ಒರೆಸಿದ್ದಾರೆ.

ಪಾಟಿನಾ ಎಂಬುದಕ್ಕೆ ಕನ್ನಡದಲ್ಲಿ ಒಂದೇ ಪದ ಇಲ್ಲದಿರುವುದು ನಮಗೆ ಕೊರತೆಯಾಗಿ ಕಾಣುವುದಿಲ್ಲ. ತಾಮ್ರ, ಹಿತ್ತಾಳೆಗೆ ಬರುವುದು ಕಿಲುಬು. ಕಬ್ಬಿಣಕ್ಕೆ ಬರುವುದು ತುಕ್ಕು. ಬಟ್ಟೆ, ಬಣ್ಣ ಮಾಸುತ್ತವೆ. ಹೊಸ್ತಿಲು, ಒರಳು, ಮಣೆ ಸವೆಯುತ್ತವೆ. ಕಿಲುಬು, ತುಕ್ಕುಗಳನ್ನು ನಮ್ಮ ಅಜ್ಜಿಯಂದಿರು ಹುಣಸೆಹಣ್ಣು ಹಚ್ಚಿ ತಿಕ್ಕಿ ತೆಗೆದರು. ಸವೆದ ಒರಳನ್ನು ಮಾತ್ರ ಬಿಡಲಿಲ್ಲ. ಬಳಸದೆ ಕೆಟ್ಟದ್ದು ಬೇರೆ, ಬಳಸಿ ಸವೆದದ್ದು ಬೇರೆ ಎಂಬ ವಿವೇಕ ಈ ಪದಗಳಲ್ಲಿಯೇ ಇದೆ. ಪಾಟಿನಾ ಎಂಬ ಒಂದು ಪದ ಇವೆರಡನ್ನೂ ಒಟ್ಟಿಗೆ ಕಟ್ಟಿ ಬೆಲೆ ಕಟ್ಟುತ್ತದೆ.

ಬೆಲೆಯ ಮಾತು ಬಂದದ್ದರಿಂದ ಅದನ್ನೂ ನೋಡಬೇಕು. 2015ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಆರ್ತ್‌ಕ್ಯೂರಿಯಲ್ ಹರಾಜಿನಲ್ಲಿ ಒಂದು ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ 1.6 ಕೋಟಿ ಯೂರೋಗೂ ಹೆಚ್ಚಿಗೆ ಮಾರಾಟವಾಯಿತು. ಪಶ್ಚಿಮ ಫ್ರಾನ್ಸಿನ ಒಂದು ಜಮೀನಿನ ಶೆಡ್ಡಿನಲ್ಲಿ, ಹಳೆಯ ಪತ್ರಿಕೆಗಳ ರಾಶಿಯ ಕೆಳಗೆ, ಅದು ದಶಕಗಳ ಕಾಲ ಬಿದ್ದಿತ್ತು. ಧೂಳನ್ನು ಒರೆಸದೆಯೇ ಹರಾಜಿಗಿಟ್ಟರು, ಧೂಳೂ ಸರಕಾಯಿತು. ಕ್ಯಾಲಿಫೋರ್ನಿಯಾದ ಪೆಬಲ್ ಬೀಚಿನಲ್ಲಿ 1950ರಿಂದ ನಡೆದುಬಂದಿರುವ ಕಾರು ಸೌಂದರ್ಯ ಸ್ಪರ್ಧೆಯಲ್ಲಿ ದಶಕಗಳ ಕಾಲ ಪರಮ ಬಹುಮಾನ ಹೊಳೆಯುವ ಕಾರುಗಳಿಗೇ ಹೋಗುತ್ತಿತ್ತು. 2024ರಲ್ಲಿ ಮೊದಲ ಬಾರಿಗೆ, ಪುನರುದ್ಧಾರಗೊಳಿಸದೆ ಇದ್ದಂತೆಯೇ ಕಾಪಾಡಿದ ಕಾರು ಅದನ್ನು ಗೆದ್ದಿತು: 1934ರ ಬುಗಾಟಿ ಟೈಪ್ 59, ಹಿಂದೊಮ್ಮೆ ಬೆಲ್ಜಿಯಮ್ಮಿನ ದೊರೆ ಮೂರನೆಯ ಲಿಯೊಪೋಲ್ಡನ ಸ್ವತ್ತು. ಆ ತೀರ್ಪು ನಮಗೆ ಸಂತೋಷ ಕೊಟ್ಟಿತು. ಆದರೆ ಯಾವುದಕ್ಕೆ ಬಹುಮಾನ ಬರುತ್ತದೋ ಅದರ ನಕಲು ಹುಟ್ಟದೆ ಇರುವುದಿಲ್ಲ. 1496ರಲ್ಲಿ ತರುಣ ಮೈಕೆಲೇಂಜೆಲೊ ಕೆತ್ತಿದ ಮಲಗಿದ ಮನ್ಮಥನ ಪ್ರತಿಮೆಯನ್ನು ಹಳತಾಗಿ ಕಾಣುವಂತೆ ಮಾಡಿ, ಪುರಾತನ ರೋಮಿನದೆಂದು ದಲ್ಲಾಳಿಯೊಬ್ಬ ಕಾರ್ಡಿನಲ್ ಒಬ್ಬರಿಗೆ ಮಾರಿದ ಕಥೆ ಪ್ರಸಿದ್ಧವೇ ಇದೆ. ಮೋಸ ತಿಳಿದ ಕಾರ್ಡಿನಲ್ಲರು ಪ್ರತಿಮೆಯನ್ನು ದಲ್ಲಾಳಿಗೆ ಹಿಂದಿರುಗಿಸಿದರು. ಕಲಾವಿದನ ಕೈ ಎಷ್ಟೇ ದೊಡ್ಡದಿದ್ದರೂ ಅವರು ಕೊಂಡದ್ದು ಕಾಲವನ್ನು, ಸಿಕ್ಕದ್ದು ಕಾಲವಲ್ಲ.

ನಾವು ಮತ್ತೆ ಮತ್ತೆ ನೆನೆಯುವುದು ಇನ್ನೊಂದು ಬುಗಾಟಿಯನ್ನು. 1925ರ ಆ ಬ್ರೆಸಿಯಾ ಕಾರು ಸ್ವಿಟ್ಜರ್ಲೆಂಡಿನಲ್ಲಿ ಮಜ್ಜೋರೆ ಸರೋವರದ ತಳದಲ್ಲಿ ಸುಮಾರು ಏಳು ದಶಕ ಮುಳುಗಿತ್ತು. ಮುಳುಗುಗಾರರ ಸ್ಥಳೀಯ ಸಂಘದವರು 2009ರಲ್ಲಿ ಅದನ್ನು ಮೇಲೆತ್ತಿದರು; ಯುವಕರ ಹಲ್ಲೆಗೆ ಸಿಕ್ಕಿ ತೀರಿಹೋದ ಹುಡುಗನೊಬ್ಬನ ನೆನಪಿನ ಸಂಸ್ಥೆಗೆ ಹಣ ಕೂಡಿಸುವುದು ಅವರ ಉದ್ದೇಶ. ಮರುವರ್ಷ ಅದು 2,60,500 ಯೂರೋಗೆ ಮಾರಾಟವಾಯಿತು. ಕೊಂಡ ಕ್ಯಾಲಿಫೋರ್ನಿಯಾದ ವಸ್ತುಸಂಗ್ರಹಾಲಯದವರು ಅದಕ್ಕೆ ಬಣ್ಣ ಹೊಡೆಸಲಿಲ್ಲ, ಕೊರೆದುಹೋದ ತಗಡನ್ನು ತುಂಬಲಿಲ್ಲ; ನೀರು ತಿಂದು ಬಿಟ್ಟಷ್ಟನ್ನು ಹಾಗೆಯೇ ಇಟ್ಟರು. ಅದು ಓಡುವುದಿಲ್ಲ. ಚೆಂದವೂ ಇಲ್ಲ ಎನ್ನುವವರಿದ್ದಾರೆ. ಅದರ ಒಂದೊಂದು ರಂಧ್ರಕ್ಕೂ ಸರೋವರವೇ ಹೊಣೆ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ಒಪ್ಪಿಕೊಂಡಿರುವ ತುರಿನ್ ಸನ್ನದಿನಲ್ಲಿ ಒಂದು ಸೂಚನೆಯಿದೆ: ದುರಸ್ತಿಯ ವೇಳೆ ಹಾಕಿದ ಹೊಸ ಭಾಗಕ್ಕೆ, ಕಣ್ಣಿಗೆ ಚುಚ್ಚದಂತೆ ಆದರೆ ಗುರುತಿಸಲು ಬರುವಂತೆ, ಅಳಿಯದ ಗುರುತೊಂದನ್ನು ಹಾಕಬೇಕು. ಹೊಸದು ಹೊಸದೆಂದು ತಿಳಿಯಬೇಕು. ಗ್ರಂಥಸಂಪಾದನೆ ಮಾಡಿದವರಿಗೆ ಇದು ಹೊಸ ಮಾತಲ್ಲ. ತಾಳೆಗರಿ ಮುಕ್ಕಾದಲ್ಲಿ ಸಂಪಾದಕ ತಾನು ಊಹಿಸಿದ ಅಕ್ಷರವನ್ನು ಕಂಸದೊಳಗೆ ಇಡುತ್ತಾನೆ. ಕವಿಯದೇ ಎಂಬಂತೆ ಸೇರಿಸುವುದಿಲ್ಲ. ಹುಸಿ ಹಳಮೆ ಮಾಡುವುದು ಕಂಸವನ್ನು ಅಳಿಸುವ ಕೆಲಸ.

ಹಾಗೆಂದು ಎಲ್ಲ ಹಳೆಗಾರುಗಳನ್ನೂ ಇದ್ದ ಸ್ಥಿತಿಯಲ್ಲಿಯೇ ಬಿಡಿ ಎಂದು ನಾವು ಹೇಳಲಾರೆವು. ಕ್ಯಾಲಿಫೋರ್ನಿಯಾ, ಅರಿಜೋನಾಗಳ ಒಣಹವೆಯಲ್ಲಿ ತುಕ್ಕು ತಗಡಿನ ಮೇಲ್ಮೈಯಲ್ಲಿ ದಶಕಗಟ್ಟಲೆ ನಿಂತಿರಬಹುದು. ಮುಂಬಯಿಯ ಉಪ್ಪುಗಾಳಿಯಲ್ಲಿ, ನಾಲ್ಕು ತಿಂಗಳ ಮಳೆಯಲ್ಲಿ ಅದು ನಿಲ್ಲುವುದಿಲ್ಲ. ಕೆಲವೇ ಮಳೆಗಾಲಗಳಲ್ಲಿ ಕಾರಿನ ತಳ ತೂತಾಗಿ ರಸ್ತೆ ಕಾಣುತ್ತದೆ. ಇಲ್ಲಿ ಬಣ್ಣ ಎಂಬುದು ಅಲಂಕಾರಕ್ಕಿಂತ ಕೊಡೆ. 2023ರ ಅಕ್ಟೋಬರಿನಲ್ಲಿ ಈ ನಗರದ ಬೀದಿಗಳಿಂದ ಮರೆಯಾದ ಪದ್ಮಿನಿ ಟ್ಯಾಕ್ಸಿಗಳನ್ನು ನೆನೆಯಿರಿ. ಕುರ್ಲಾದ ಕಾರ್ಖಾನೆಯಲ್ಲಿ ಹುಟ್ಟಿದ ಆ ಗಾಡಿಗಳಿಗೆ ಪಾಸಿಂಗಿಗೆ ಮುನ್ನ ಕಪ್ಪು ಹಳದಿ ಹೊಡೆಸಿ ತರುತ್ತಿದ್ದ ಚಾಲಕನಿಗೆ ಹೊಳಪಿನ ಮೋಹವಿರಲಿಲ್ಲ. ಗಾಡಿ ಇನ್ನೊಂದು ವರ್ಷ ಅನ್ನ ಕೊಡಬೇಕಿತ್ತು. ತಂದೆಯ ಕಾಲದ ಫಿಯೆಟ್ಟನ್ನು ಇನ್ನೂ ಇಟ್ಟುಕೊಂಡವರು ನಮ್ಮಲ್ಲಿಯೂ ಇದ್ದಾರೆ. ಅವರು ಕೇಳಿದರೆ ನಾವು ಹೇಳುವುದಿಷ್ಟೇ: ತುಕ್ಕು ತಿನ್ನುತ್ತಿದ್ದರೆ ತೆಗೆಯಿಸಿ, ಬಣ್ಣ ಹೊಡೆಸಿ, ಅದನ್ನು ಹೊಸ ಬಣ್ಣವೆಂದೇ ಹೇಳಿ. ಸ್ಟಿಯರಿಂಗಿನ ಮೇಲೆ ಅವರ ಅಂಗೈ ಸವೆಸಿದ ಜಾಗವೊಂದಿದ್ದರೆ ಅದನ್ನು ಮಾತ್ರ ಪೇಂಟರಿಗೆ ಕೊಡಬೇಡಿ.

ಆ ತರುಣ ಕೇಳಿದವರಿಗೆ ನಿಜ ಹೇಳಿದನಲ್ಲ, ಮತ್ತೆ ತಪ್ಪೇನು ಎಂದು ನಮ್ಮಲ್ಲಿಯೇ ಒಬ್ಬರು ವಾದಿಸಿದರು. ಹರಿದ ಜೀನ್ಸನ್ನು ಅಂಗಡಿಯಿಂದ ಕೊಳ್ಳುವವರನ್ನು ನಾವು ಕಟಕಟೆಗೆ ಎಳೆಯುವುದಿಲ್ಲವಲ್ಲ ಎಂದರು. ಸರಿ; ಅವನ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಗಾಡಿ ಎಲ್ಲ ಕಡೆಗೂ ಒಡೆಯನನ್ನು ಜೊತೆಗೆ ಕರೆದುಕೊಂಡು ಹೋಗುವುದಿಲ್ಲ. ನಾಳೆ ಅದು ಮಾರಾಟವಾಗುತ್ತದೆ, ಅದರ ಫೋಟೋ ಎಲ್ಲೆಲ್ಲಿಗೋ ಹೋಗುತ್ತದೆ. ಮುಂದೊಂದು ದಿನ ಗದಗಿನ ಸಾರಿಗೆಯ ಚರಿತ್ರೆ ಬರೆಯುವವರೊಬ್ಬರ ಕೈಗೆ ಅದು ಸಿಗಲಾರದು ಎನ್ನುವವರು ಯಾರು?

ಆ ಸಂಜೆ ಹಿಂದಿರುಗುವಾಗ ಲೋಕಲ್ಲಿನಲ್ಲಿ ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ದಾದರ್ ಸಮೀಪಿಸಿದಾಗ ಅವರೇ ಬಾಯಿ ತೆರೆದರು.

"ಅದು ನಮ್ಮೂರಿಂದಲ್ಲ, ಹೌದು. ಆದರ ನಮ್ಮಪ್ಪನ ಜೋಡಿ ನಾ ಗಾಡ್ಯಾಗ ಹೋಗಿದ್ದು ಖರೆ."

ಖರೆಯೇ ಇರಬೇಕೆಂದು ನಾವೆಲ್ಲ ಹೇಳಿದೆವು.

"ಅದರ ಬಣ್ಣ ಯಾವುದಿತ್ತು ಅಂತ ಮುಂಜಾನಿತನಕ ನನಗ ಗೊತ್ತಿತ್ತು" ಎಂದರು ಅವರು. "ಈಗ ಕಣ್ಣು ಮುಚ್ಚಿದರ ಆ ಹುಡುಗನ ಹಸರ ಬರ್ತದ."